ಬರಲಾರದವರು, ಬರಲೊಲ್ಲದವರು



ತರಗತಿಯಲ್ಲಿ ಕಲಿಸುವ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ಆಮೇಲೆ ನೋಡಿದರೆ ತಪ್ಪೇನು? ಈ ಪ್ರಶ್ನೆಯನ್ನು ಈ ವರ್ಷ ಹೆತ್ತವರು ನಮ್ಮಲ್ಲಿ ಕೇಳಿದ್ದಾರೆ, ವಿದ್ಯಾರ್ಥಿಗಳೂ ಕೇಳಿದ್ದಾರೆ. ಮೇಲ್ನೋಟಕ್ಕೆ ಇದು ಬರೀ ಅನುಕೂಲದ ವಿಷಯ. ಫೋನಿನಲ್ಲಿ ಜಾಗ ಇದೆಯೇ, ಸ್ಟ್ಯಾಂಡ್ ಯಾರು ತರುತ್ತಾರೆ, ಯಾವ ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸುವುದು, ಅಷ್ಟೇ. ಆದರೆ ಮಾತಾಡುತ್ತ ಹೋದಂತೆ ಇದರೊಳಗೆ ನ್ಯಾಯದ ಪ್ರಶ್ನೆಯೂ ಅಡಗಿದೆ ಎಂದು ನಮಗೆ ಅನ್ನಿಸಿತು. ಕಲಿಸಿದ ಪಾಠ ಯಾರದು? ಅದು ಮೊದಲು ಯಾರಿಗೆ ಸಲ್ಲಬೇಕು? ತರಗತಿಗೆ ಬರುವುದು ನನ್ನ ಲಾಭಕ್ಕೆ ಮಾತ್ರವೋ, ಪಕ್ಕದ ಬೆಂಚಿನವನಿಗೂ ನಾನು ಏನಾದರೂ ಕೊಡಬೇಕೋ? ಈ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದಿಡಲು ಈ ಬರಹ.

ಪಾಠವನ್ನು ಹಿಡಿದಿಡುವ ಆಸೆ ಹೊಸದಲ್ಲ. ಬಿಎಸ್‌ಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ರಿಚರ್ಡ್ ಫೈನ್‌ಮನ್ ಹೆಸರು ಗೊತ್ತು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ 1961ರಿಂದ 1963ರವರೆಗೆ ಅವರು ಮೊದಲೆರಡು ವರ್ಷದ ವಿದ್ಯಾರ್ಥಿಗಳಿಗೆ ಮಾಡಿದ ಪಾಠಗಳನ್ನು ಟೇಪಿನಲ್ಲಿ ಮುದ್ರಿಸಿಕೊಂಡರು, ಕಪ್ಪುಹಲಗೆಯ ಫೋಟೊ ತೆಗೆದುಕೊಂಡರು. ಮೂರು ಸಂಪುಟಗಳ ಪ್ರಸಿದ್ಧ ಪುಸ್ತಕ ಹುಟ್ಟಿದ್ದು ಅದರಿಂದಲೇ. ಆ ಟೇಪು ಇಲ್ಲದಿದ್ದರೆ ಅರುವತ್ತು ವರ್ಷಗಳ ನಂತರ ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ಕುಳಿತ ವಿದ್ಯಾರ್ಥಿಗೆ ಆ ಪಾಠ ತಲಪುತ್ತಿರಲಿಲ್ಲ.

ನಮ್ಮ ದೇಶದಲ್ಲಿ 2003ರಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಎಂಬ ಯೋಜನೆ ಆರಂಭಿಸಿದವು. ಐಐಟಿಯ ಗೇಟು ಕಾಣದವರೂ ಅಲ್ಲಿನ ಪ್ರಾಧ್ಯಾಪಕರ ಪಾಠವನ್ನು ದುಡ್ಡು ಕೊಡದೆ ಕೇಳುವಂತಾಯಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಮರುವರ್ಷ ಕೇರಳದಲ್ಲಿ ವಿಕ್ಟರ್ಸ್ ವಾಹಿನಿ ಶುರುವಾಯಿತು. 2020ರ ಜೂನ್ 1ರಂದು, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ಅದೇ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಬಾರಿಸಿತು. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲೂ ಪಾಠಗಳು ತಯಾರಾಗಿ ಯೂಟ್ಯೂಬಿನಲ್ಲಿ ಬಂದವು. ಆಗ ಪ್ರೈಮರಿಯಲ್ಲಿದ್ದ ಎಷ್ಟೋ ಮಕ್ಕಳು ಈಗ ನಮ್ಮ ಯುವಜನರ ಸಾಲಿಗೆ ಬರುತ್ತಿದ್ದಾರೆ. ಪಾಠ ಎಂದರೆ ಪರದೆಯ ಮೇಲೂ ಇರುವಂಥದ್ದು ಎಂಬುದು ಅವರಿಗೆ ಆಶ್ಚರ್ಯದ ಸಂಗತಿಯೇ ಅಲ್ಲ.

ಹಾಗಾದರೆ ಇದರ ಒಳಿತನ್ನು ಮೊದಲು ಒಪ್ಪಿಕೊಳ್ಳೋಣ. ಅದು ಸಣ್ಣ ಒಳಿತಲ್ಲ.

ತರಗತಿಗೆ ಬರಲಾರದವರು ನಮ್ಮ ನಡುವೆ ಯಾವಾಗಲೂ ಇದ್ದಾರೆ. ಡೆಂಗಿ ಬಂದು ಎರಡು ವಾರ ಮಲಗಿದ ಹುಡುಗ ಒಬ್ಬ. ಅಮ್ಮ ಆಸ್ಪತ್ರೆಯಲ್ಲಿರುವಾಗ ತಮ್ಮ ತಂಗಿಯರಿಗೆ ಗಂಜಿ ಬೇಯಿಸಿಡಬೇಕಾದ ಹುಡುಗಿ ಒಬ್ಬಳು. ಅಡಿಕೆ ಸುಲಿಯುವ ದಿನಗಳಲ್ಲಿ ಅಪ್ಪನ ಜೊತೆ ಕೂಲಿಗೆ ಹೋಗುವವರು, ಮಳೆಗಾಲದಲ್ಲಿ ಸಂಕ ಮುಳುಗಿದರೆ ಈಚೆ ದಡಕ್ಕೆ ಬರಲಾಗದವರು, ನಡೆಯಲಾಗದವರು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಕಾಲೇಜುಗಳಲ್ಲಿ ಓದುತ್ತಿದ್ದ ನಮ್ಮೂರಿನವರು ಹೀಗೆಯೇ ಈಚೆ ಉಳಿದರು. ಇವರಲ್ಲಿ ಯಾರೂ ಸೋಮಾರಿಗಳಲ್ಲ. ಬಾಗಿಲು ಅವರ ಪಾಲಿಗೆ ಮುಚ್ಚಿತ್ತು, ಅಷ್ಟೇ.

ಇನ್ನೊಂದು ಬಗೆಯವರೂ ಇದ್ದಾರೆ. ಅವರ ಹಾಜರಿ ಪೂರ್ತಿ ಇರುತ್ತದೆ, ಆದರೆ ಪಾಠ ಅವರನ್ನು ದಾಟಿ ಹೋಗಿರುತ್ತದೆ. ನಮ್ಮ ಮಕ್ಕಳ ಸ್ಥಿತಿ ನಿಮಗೆ ಗೊತ್ತು. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಎಸ್‌ಎಸ್‌ಎಲ್‌ಸಿಯ ತನಕ ಕನ್ನಡದಲ್ಲಿ ‘ವೇಗೋತ್ಕರ್ಷ’ ಎಂದು ಕಲಿತ ಮಗು ಪ್ಲಸ್ ವನ್‌ಗೆ ಹೋದ ದಿನವೇ ಅದನ್ನು ಇಂಗ್ಲಿಷಿನಲ್ಲಿ ಓದಬೇಕು. ಹಲವು ಕಡೆ ವಿವರಣೆ ಮಲಯಾಳದಲ್ಲಿ. ಮಲಯಾಳ ಬಲ್ಲ ಮಗು ಒಂದು ಭಾಷೆ ದಾಟಿದರೆ ಸಾಕು, ನಮ್ಮ ಮಗು ಎರಡು ದಾಟಬೇಕು. ಅದು ಮೊದಲನೆಯದನ್ನು ದಾಟುವಷ್ಟರಲ್ಲಿ ಮಾಷ್ಟ್ರು ಹಲಗೆ ಒರೆಸಿ ಮುಂದಿನ ಸಮೀಕರಣ ಬರೆಯುತ್ತಿರುತ್ತಾರೆ. ಇಂಥ ಮಗುವಿಗೆ ಪಾಠವನ್ನು ನಿಲ್ಲಿಸಿ ಮತ್ತೊಮ್ಮೆ ಕೇಳುವ ಅವಕಾಶ ಸಿಕ್ಕಿದರೆ ಅದನ್ನು ಸೌಕರ್ಯ ಎಂದು ಕರೆಯಬಾರದು. ಅದು ಊರುಗೋಲು. ಭಾಷಾ ಅಲ್ಪಸಂಖ್ಯಾತರಾದ ನಾವು ಇದನ್ನು ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳಬೇಕು.

ಧರ್ಮಸಭೆಯ ನೆನಪಿನಲ್ಲೂ ಇಂಥದೊಂದು ಕಥೆ ಇದೆ. ಅಸಿಸಿಯ ಸಂತ ಕ್ಲಾರಾ ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದರು. ಕ್ರಿಸ್ಮಸ್ ರಾತ್ರಿ ಉಳಿದ ಸಹೋದರಿಯರೆಲ್ಲ ಪ್ರಾರ್ಥನೆಗೆ ಹೋದರು, ಕ್ಲಾರಾ ಒಬ್ಬರೇ ಉಳಿದರು. ಆಗ ದೂರದ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ನಡೆಯುತ್ತಿದ್ದ ಆರಾಧನೆ ಅವರಿಗೆ ಮಲಗಿದಲ್ಲೇ ಕೇಳಿಸಿತು, ಕಾಣಿಸಿತು ಎನ್ನುತ್ತಾರೆ. ಈ ಕಾರಣಕ್ಕಾಗಿ 1950ರ ದಶಕದಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸರು ಸಂತ ಕ್ಲಾರಾರನ್ನು ದೂರದರ್ಶನದ ಪಾಲಕ ಸಂತರೆಂದು ಘೋಷಿಸಿದರು. ಈ ಕಥೆಯಲ್ಲಿ ಒಂದು ಸಣ್ಣ ವಿವರವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆ ದರ್ಶನ ಸಿಕ್ಕಿದ್ದು ಏಳಲಾರದವರಿಗೆ. ಎದ್ದು ನಡೆಯಬಲ್ಲ ಸಹೋದರಿಯರು ಆ ಚಳಿಯ ರಾತ್ರಿ ಎದ್ದು ನಡೆದೇ ಹೋದರು.

ಕನ್ನಡದಲ್ಲಿ ಇದಕ್ಕೆ ಎರಡು ಒಳ್ಳೆಯ ಮಾತುಗಳಿವೆ. ‘ಬರಲಾರೆ’ ಎಂಬುದು ಒಂದು, ‘ಬರಲೊಲ್ಲೆ’ ಎಂಬುದು ಇನ್ನೊಂದು. ಒಂದರಲ್ಲಿ ಶಕ್ತಿ ಇಲ್ಲ, ಇನ್ನೊಂದರಲ್ಲಿ ಮನಸ್ಸಿಲ್ಲ. ಹಾಜರಿ ಪುಸ್ತಕದಲ್ಲಿ ಎರಡಕ್ಕೂ ಒಂದೇ ಗುರುತು. ರೆಕಾರ್ಡ್ ಮಾಡಿದ ವೀಡಿಯೊ ಕೂಡ ಇಬ್ಬರಿಗೂ ಒಂದೇ ರೀತಿ ತೆರೆದುಕೊಳ್ಳುತ್ತದೆ. ತೊಡಕು ಇರುವುದು ಇಲ್ಲೇ. ಬರಲಾರದವರಿಗಾಗಿ ಇಟ್ಟ ಊರುಗೋಲನ್ನು ಬರಲೊಲ್ಲದವರು ಎತ್ತಿಕೊಂಡು ಹೋದರೆ ಏನಾಗುತ್ತದೆ?

ಮೊದಲ ಪರಿಣಾಮ ಅವರ ಮೇಲೆಯೇ ಆಗುತ್ತದೆ. ‘ಹೇಗೂ ರೆಕಾರ್ಡ್ ಆಗುತ್ತಿದೆ’ ಎಂದು ಗೊತ್ತಾದ ಕ್ಷಣವೇ ಕಿವಿ ಸಡಿಲವಾಗುತ್ತದೆ. ಇಂದು ಕೇಳಬೇಕಾದ್ದನ್ನು ನಾಳೆ ಕೇಳಬಹುದು, ನಾಳೆಯದನ್ನು ಪರೀಕ್ಷೆಯ ಹಿಂದಿನ ವಾರ. ಆ ವಾರ ಬಂದಾಗ ನಲವತ್ತು ಗಂಟೆಗಳ ಪಾಠ ಒಟ್ಟಿಗೆ ಬಾಗಿಲಲ್ಲಿ ನಿಂತಿರುತ್ತದೆ. ಒಂದೂವರೆ ಪಟ್ಟು ವೇಗದಲ್ಲಿ, ಎರಡು ಪಟ್ಟು ವೇಗದಲ್ಲಿ ಓಡಿಸಿದರೂ ಮುಗಿಯುವುದಿಲ್ಲ. ವೀಡಿಯೊ ನಮ್ಮ ಫೋನಿನಲ್ಲಿದೆ ಎಂಬ ನೆಮ್ಮದಿ, ಪಾಠ ನಮ್ಮ ತಲೆಯಲ್ಲಿದೆ ಎಂಬ ಭ್ರಮೆಯಾಗುತ್ತದೆ. ಅಕ್ಕಿಯ ಡಬ್ಬಿ ತುಂಬಿದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ.

ಕೆಲವು ಪಾಠಗಳಂತೂ ಕೈಗೆ ಬರಬೇಕಾದವು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಆಮ್ಲವಿರುವ ಫ್ಲಾಸ್ಕಿಗೆ ಬ್ಯುರೆಟ್ಟಿನಿಂದ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತೇವೆ. ಫಿನಾಲ್ಫ್ತಲೀನ್ ಹಾಕಿದ ದ್ರಾವಣ ಒಂದು ಹನಿಯ ಅಂತರದಲ್ಲಿ ತಿಳಿಗುಲಾಬಿಯಾಗಬೇಕು. ಇನ್ನೊಂದು ಹನಿ ಹೆಚ್ಚಾದರೆ ಬಣ್ಣ ಗಾಢವಾಗಿ ಲೆಕ್ಕ ತಪ್ಪುತ್ತದೆ. ಆ ಬಣ್ಣವನ್ನು ವೀಡಿಯೊ ಚೆನ್ನಾಗಿಯೇ ತೋರಿಸುತ್ತದೆ. ತಿರುಪನ್ನು ಯಾವಾಗ ನಿಲ್ಲಿಸಬೇಕು ಎಂಬುದು ಮಾತ್ರ ಬೆರಳಿಗೇ ಗೊತ್ತಾಗಬೇಕು.

ಹಾಗೆಂದು ತರಗತಿಯಲ್ಲಿ ಕುಳಿತ ಮಾತ್ರಕ್ಕೆ ಎಲ್ಲ ಸರಿ ಎಂದೂ ಹೇಳಲಾಗದು. ಫೈನ್‌ಮನ್ ಅವರೇ ತಮ್ಮ ಪುಸ್ತಕದ ಮುನ್ನುಡಿಯಲ್ಲಿ ಇದನ್ನು ಒಪ್ಪಿಕೊಂಡಿದ್ದಾರೆ. ದೊಡ್ಡ ಸಭಾಂಗಣದಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿಗಳಿಗೆ ಎಷ್ಟು ಹಿಡಿಯುತ್ತಿದೆ ಎಂಬುದು ತಮಗೆ ತಿಳಿಯುತ್ತಿರಲಿಲ್ಲ, ಒಬ್ಬ ವಿದ್ಯಾರ್ಥಿಯೂ ಒಬ್ಬ ಒಳ್ಳೆಯ ಅಧ್ಯಾಪಕನೂ ನೇರವಾಗಿ ಕುಳಿತು ಚರ್ಚಿಸುವಾಗಲೇ ನಿಜವಾದ ಕಲಿಕೆ ಸಾಧ್ಯ ಎಂಬ ಅರ್ಥದ ಮಾತು ಅಲ್ಲಿದೆ. ಯಾರ ಪಾಠವನ್ನು ಜಗತ್ತೇ ಹಿಡಿದಿಟ್ಟುಕೊಂಡಿತೋ ಅವರೇ, ಹಿಡಿದಿಟ್ಟ ಪಾಠವೂ ಸಾಲದು, ಸುಮ್ಮನೆ ಕುಳಿತು ಕೇಳಿದ ಪಾಠವೂ ಸಾಲದು ಎಂದರು. ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುವವನೂ ಒಂದು ಅರ್ಥದಲ್ಲಿ ಬರಲೊಲ್ಲದವನೇ. ಮನೆಯಲ್ಲಿ ಕುಳಿತು ವೀಡಿಯೊ ನಿಲ್ಲಿಸಿ, ನೋಟ್ಸ್ ಬರೆದು, ಮರುದಿನ ಸಂಶಯ ಕೇಳುವ ಮಗು ಅವನಿಗಿಂತ ಹೆಚ್ಚು ಹಾಜರಾಗಿದೆ.

ಎರಡನೆಯ ಪರಿಣಾಮ ಕಲಿಸುವವರ ಮೇಲೆ. ಇಲ್ಲಿ ಕಾನೂನು ಏನು ಹೇಳುತ್ತದೆ ಎಂದು ನೋಡುವುದು ಒಳ್ಳೆಯದು, ಏಕೆಂದರೆ ಹೆಚ್ಚಿನವರಿಗೆ ಇದು ತಿಳಿದಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ‘ಪ್ರದರ್ಶಕ’ ಎಂದರೆ ಯಾರು ಎಂಬುದಕ್ಕೆ ಒಂದು ಪಟ್ಟಿ ಇದೆ. ನಟ, ಗಾಯಕ, ವಾದ್ಯಗಾರ, ನರ್ತಕ, ದೊಂಬರಾಟದವನು, ಜಾದೂಗಾರ, ಹಾವಾಡಿಗ, ಇವರ ಬೆನ್ನಿಗೇ ಉಪನ್ಯಾಸ ನೀಡುವ ವ್ಯಕ್ತಿ. ಹಾವಾಡಿಗನ ಪಕ್ಕದಲ್ಲಿ ಮಾಷ್ಟ್ರು! ನಗು ಬರಬಹುದು, ಆದರೆ ಅದರ ಅರ್ಥ ಗಂಭೀರವಾದದ್ದು. ಪಾಠ ಮಾಡುವವರಿಗೂ ತಮ್ಮ ಪಾಠದ ಮೇಲೆ ಹಕ್ಕಿದೆ, ಅದು 50 ವರ್ಷ ಇರುತ್ತದೆ. ಸ್ವಂತ ಉಪಯೋಗಕ್ಕೆ, ಅಥವಾ ಪ್ರಾಮಾಣಿಕವಾದ ಬೋಧನೆ ಮತ್ತು ಸಂಶೋಧನೆಗೆ ಮಾತ್ರ ರೆಕಾರ್ಡ್ ಮಾಡಿದರೆ ಆ ಹಕ್ಕಿನ ಉಲ್ಲಂಘನೆಯಾಗುವುದಿಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. ಅದನ್ನು ಊರೆಲ್ಲ ಹಂಚುವುದು ಬೇರೆ ಮಾತು. 2012ರ ತಿದ್ದುಪಡಿಯ ನಂತರ, ತಮ್ಮ ಹೆಸರಿಗೆ ಕುಂದು ಬರುವಂತೆ ಅದನ್ನು ತಿರುಚಿದರೆ ತಡೆಯುವ ಹಕ್ಕೂ ಅವರಿಗಿದೆ.

ಕಾನೂನು ಬಿಟ್ಟ ಕಡೆಯಿಂದ ಮನಸ್ಸಾಕ್ಷಿಯ ಕೆಲಸ ಶುರುವಾಗುತ್ತದೆ. ನನ್ನ ಸ್ವಂತಕ್ಕೆ ಎಂದು ಯಾರಿಗೂ ಹೇಳದೆ ಬೆಂಚಿನ ಕೆಳಗಿಂದ ರೆಕಾರ್ಡ್ ಮಾಡಿದರೆ ಕಾನೂನು ನನ್ನನ್ನು ಹಿಡಿಯಲಿಕ್ಕಿಲ್ಲ. ಆದರೆ ಆ ಮಾಷ್ಟ್ರು ಮಾತಾಡುತ್ತಿರುವುದು ತಮ್ಮ ಎದುರಿಗಿರುವ ಮೂವತ್ತು ಮಂದಿಯೊಂದಿಗೆ. ಅವರನ್ನು ನಂಬಿ ಒಂದು ತಮಾಷೆ ಮಾಡುತ್ತಾರೆ, ಲೆಕ್ಕದಲ್ಲಿ ತಪ್ಪಿ ‘ಅಯ್ಯೋ ತಪ್ಪಿದೆ’ ಎಂದು ಒರೆಸುತ್ತಾರೆ, ತಮ್ಮ ಬಡತನದ ಬಾಲ್ಯದ ಒಂದು ಮಾತು ಹೇಳುತ್ತಾರೆ. ಇಪ್ಪತ್ತು ಸೆಕೆಂಡಿನ ತುಣುಕಾಗಿ ಅದು ಹೊರಗೆ ಹೋದರೆ ಹಿಂದುಮುಂದಿನ ಮಾತುಗಳೆಲ್ಲ ಕಳಚಿ ಬೀಳುತ್ತವೆ. ಒಮ್ಮೆ ಹಾಗಾಯಿತೆಂದರೆ ಅವರು ಮುಂದೆ ಕ್ಯಾಮೆರಾಕ್ಕೆ ಪಾಠ ಮಾಡುತ್ತಾರೆ, ಮಕ್ಕಳಿಗಲ್ಲ. ಅಳೆದು ತೂಗಿದ ಮಾತು, ಪುಸ್ತಕದಲ್ಲಿರುವಷ್ಟೇ ಮಾತು. ನಷ್ಟವಾಗುವುದು ಎಲ್ಲ ಮಕ್ಕಳಿಗೆ.

ಕಲಿಸುವವರಿಗಿಂತ ಹೆಚ್ಚು ಯೋಚಿಸಬೇಕಾದ್ದು ಪ್ರಶ್ನೆ ಕೇಳುವ ಮಗುವಿನ ಬಗ್ಗೆ. ನಮ್ಮಲ್ಲಿ ಮಕ್ಕಳು ಪ್ರಶ್ನೆ ಕೇಳುವುದೇ ಕಡಿಮೆ. ಕೇಳಿದರೂ ಮೂರು ಭಾಷೆ ಬೆರೆತ ಒಂದು ವಾಕ್ಯದಲ್ಲಿ, ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಅದನ್ನು ಕೇಳಿ ತರಗತಿ ಒಮ್ಮೆ ನಕ್ಕರೆ ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ರೆಕಾರ್ಡಿಗೆ ಮರೆವಿಲ್ಲ. ತನ್ನ ತಪ್ಪು ಉಚ್ಚಾರ ಗ್ರೂಪಿನಲ್ಲಿ ಓಡಾಡಬಹುದು ಎಂಬ ಹೆದರಿಕೆ ಬಂದರೆ ಆ ಮಗು ಇನ್ನು ಬಾಯಿ ತೆರೆಯುವುದಿಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. ಆ ಕಾಯಿದೆ ನಮ್ಮಂಥ ಸಣ್ಣ ತರಗತಿಗೆ ಎಷ್ಟು ಅನ್ವಯಿಸುತ್ತದೆ ಎಂಬ ವಾದ ವಕೀಲರಿಗಿರಲಿ. ಮಗುವಿನ ಮುಖ, ದನಿ, ತಪ್ಪು ಇವು ನಮ್ಮ ಸೊತ್ತಲ್ಲ ಎಂಬುದಕ್ಕೆ ವಕೀಲರ ಅಗತ್ಯವಿಲ್ಲ.

ಮೂರನೆಯ ಪರಿಣಾಮ ಇಡೀ ಸಮುದಾಯದ ಮೇಲೆ, ಅದರಲ್ಲೂ ನಮ್ಮಂಥ ಗಡಿನಾಡಿನ ಸಮುದಾಯದ ಮೇಲೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಶಾಲೆಗಳಿಗೆ ನೇಮಿಸಿದಾಗ ಕಾಸರಗೋಡಿನಲ್ಲಿ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದು ನಿಮಗೆ ಗೊತ್ತಿದೆ. ಇಂಥ ಕಡೆ ಯಾರಾದರೂ ಹೀಗೆ ಕೇಳಬಹುದು: ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಎದುರಿಗೆ ನಿಂತು ಪಾಠ ಮಾಡುವವರು ಒಳ್ಳೆಯದೋ, ಒಳ್ಳೆಯ ಕನ್ನಡದಲ್ಲಿ ಚಂದವಾಗಿ ಮಾಡಿದ ವೀಡಿಯೊ ಒಳ್ಳೆಯದೋ?

ಈ ಪ್ರಶ್ನೆಗೆ ಸುಲಭದ ಉತ್ತರ ಕೊಟ್ಟು ಜಾರಿಕೊಳ್ಳಲು ನಮಗೆ ಮನಸ್ಸಿಲ್ಲ. ಆ ಒಂದು ಗಂಟೆಯ ಮಟ್ಟಿಗೆ ವೀಡಿಯೊವೇ ಒಳ್ಳೆಯದು. ಹಸಿದವನಿಗೆ ತಂಗಳನ್ನವೂ ಅನ್ನವೇ. ಆದರೆ ತಂಗಳು ಕೊಟ್ಟವನು ‘ನಿನ್ನ ಪಾಲು ಸಂದಾಯವಾಯಿತು’ ಎಂದು ಲೆಕ್ಕ ಮುಗಿಸಿದರೆ ಅದು ಅನ್ಯಾಯ. ಕನ್ನಡದ ಪಾಠಗಳು ಯೂಟ್ಯೂಬಿನಲ್ಲಿ ಇವೆಯಲ್ಲ, ಇನ್ನು ಕನ್ನಡ ಬಲ್ಲ ಅಧ್ಯಾಪಕರೇ ಯಾಕೆ ಬೇಕು ಎಂಬ ಮಾತು ನಾಳೆ ಬರಲು ಕಷ್ಟವೇನಿಲ್ಲ. ಮಲಯಾಳ ಮಾಧ್ಯಮದ ಮಗುವಿಗೆ ಜೀವಂತ ಅಧ್ಯಾಪಕರು, ಕನ್ನಡದ ಮಗುವಿಗೆ ಪರದೆ ಎಂದಾದರೆ, ಇಬ್ಬರೂ ಪರೀಕ್ಷೆಯಲ್ಲಿ ಒಂದೇ ಅಂಕ ತೆಗೆದರೂ ಇಬ್ಬರಿಗೂ ಒಂದೇ ಗೌರವ ಸಿಕ್ಕಿತು ಎನ್ನಲಾಗದು. ಆದ್ದರಿಂದ ವೀಡಿಯೊ ಬಳಸೋಣ, ಬಳಸುತ್ತಲೇ ಅಧ್ಯಾಪಕರನ್ನು ಕೇಳುವುದನ್ನು ನಿಲ್ಲಿಸದಿರೋಣ.

ಇದನ್ನು ನಮ್ಮ ಧರ್ಮಸಭೆ 2020ರಲ್ಲಿ ತನ್ನದೇ ರೀತಿಯಲ್ಲಿ ಅನುಭವಿಸಿತು. ಚರ್ಚುಗಳ ಬಾಗಿಲು ಮುಚ್ಚಿದ್ದಾಗ ಬಲಿಪೂಜೆಯನ್ನು ಟಿವಿಯಲ್ಲಿ, ಫೋನಿನಲ್ಲಿ ನೋಡಿದೆವು. ಅದು ಆಗ ನಮಗೆ ದೊಡ್ಡ ಸಾಂತ್ವನ. ಆದರೆ ಆ ವರ್ಷದ ಏಪ್ರಿಲ್‌ನಲ್ಲೇ ಜಗದ್ಗುರು ಫ್ರಾನ್ಸಿಸರು, ಜನರಿಲ್ಲದೆ ಪರದೆಯ ಮೂಲಕ ಮಾತ್ರ ಬದುಕುವ ವಿಶ್ವಾಸದ ಅಪಾಯವನ್ನು ಎಚ್ಚರಿಸಿದ್ದರು. ಸೆಪ್ಟೆಂಬರಿನಲ್ಲಿ ವ್ಯಾಟಿಕನ್‌ನಿಂದ ಬಂದ ಪತ್ರವೊಂದು, ಪ್ರಸಾರವು ಕಾಯಿಲೆಯವರಿಗೆ ಉಪಕಾರಿಯೇ ಆದರೂ ಸ್ವತಃ ಭಾಗವಹಿಸುವುದಕ್ಕೆ ಅದು ಸಮವಾಗದು ಎಂದು ತಿಳಿಸಿ, ಸಂತೋಷದಿಂದ ಪರಮಪ್ರಸಾದದ ಬಳಿಗೆ ಮರಳಲು ಕರೆಕೊಟ್ಟಿತು.

ಪಾಠವೂ ಬಲಿಪೂಜೆಯೂ ಒಂದೇ ಎಂದು ನಾವು ಹೇಳುತ್ತಿಲ್ಲ. ಪರಮಪ್ರಸಾದವನ್ನು ಪರದೆಯಿಂದ ಸ್ವೀಕರಿಸಲು ಆಗುವುದೇ ಇಲ್ಲ, ಪಾಠವನ್ನು ಪರದೆಯಿಂದ ಬಹುಮಟ್ಟಿಗೆ ಕಲಿಯಬಹುದು. ಎರಡಕ್ಕೂ ಸಮಾನವಾದದ್ದು ಬೇರೆಯೇ ಒಂದಿದೆ. ನಾನು ಅಲ್ಲಿರುವುದು ನನಗಾಗಿ ಮಾತ್ರ ಅಲ್ಲ. ಭಾನುವಾರ ಹಾಡುವಾಗ ನನ್ನ ದನಿ ಪಕ್ಕದವರ ದನಿಗೆ ಧೈರ್ಯ ಕೊಡುತ್ತದೆ. ತರಗತಿಯಲ್ಲೂ ಹಾಗೆಯೇ. ನನಗೆ ಹೊಳೆಯದ ಪ್ರಶ್ನೆಯನ್ನು ಇನ್ನೊಬ್ಬಳು ಕೇಳುತ್ತಾಳೆ, ಅದರ ಉತ್ತರದಿಂದ ನನಗೂ ತಿಳಿಯುತ್ತದೆ. ನನಗೆ ಅರ್ಥವಾಗದೆ ಮುಖ ಸಪ್ಪೆಯಾದದ್ದನ್ನು ನೋಡಿ ಟೀಚರ್ ಇನ್ನೊಂದು ಉದಾಹರಣೆ ಕೊಡುತ್ತಾರೆ, ಹಿಂದಿನ ಬೆಂಚಿನ ಮೂವರಿಗೆ ಅದರಿಂದ ಉಪಕಾರವಾಗುತ್ತದೆ. ರೆಕಾರ್ಡಿನಲ್ಲಿ ಕಾಣುವ ಒಳ್ಳೆಯ ಪಾಠ ಇಂಥ ಹತ್ತಾರು ಮುಖಗಳಿಂದ ಹುಟ್ಟಿದ್ದು. ಬರಲೊಲ್ಲದವನು ಆ ಪಾಠವನ್ನು ಅನುಭವಿಸುತ್ತಾನೆ, ಅದಕ್ಕೆ ತನ್ನ ಪಾಲು ಹಾಕುವುದಿಲ್ಲ. ಎಲ್ಲರೂ ಹಾಗೆಯೇ ‘ಆಮೇಲೆ ನೋಡುತ್ತೇವೆ’ ಎಂದರೆ ಆಮೇಲೆ ನೋಡಲು ಪಾಠವೇ ಇರುವುದಿಲ್ಲ. ಖಾಲಿ ಬೆಂಚುಗಳಿಗೆ ಯಾರು ಪಾಠ ಮಾಡುತ್ತಾರೆ?

ಸಂತ ಯೊವಾನ್ನರ ಎರಡನೆಯ ಪತ್ರ ಬಹಳ ಚಿಕ್ಕದು. ಅದರ ಕೊನೆಯಲ್ಲಿ ಅವರು, ಹೇಳುವುದು ಇನ್ನೂ ಬಹಳ ಇದೆ, ಆದರೆ ಕಾಗದ ಶಾಯಿಯಲ್ಲಿ ಬೇಡ, ಬಂದು ಮುಖಾಮುಖಿ ಮಾತಾಡುವ ಆಸೆ ಎಂಬರ್ಥದಲ್ಲಿ ಬರೆದಿದ್ದಾರೆ. ಆ ಮಾತೂ ನಮಗೆ ತಲಪಿದ್ದು ಕಾಗದ ಶಾಯಿಯಿಂದಲೇ. ಅವರು ಕಾಗದವನ್ನು ತಿರಸ್ಕರಿಸಲಿಲ್ಲ. ದೂರವಿದ್ದಾಗ ಬರೆದರು, ಬರಲು ಸಾಧ್ಯವಾದಾಗ ಬರುವೆನೆಂದರು. ರೆಕಾರ್ಡಿನ ವಿಷಯದಲ್ಲಿ ನಮಗೆ ಬೇಕಾದ ಅಳತೆಗೋಲು ಇಷ್ಟೇ.

ಈಗ ನಮ್ಮ ಮಾತಿಗೆ ಬರೋಣ. ಚರ್ಚ್ ಹಾಲಿನಲ್ಲಿ ಶನಿವಾರ ಸಂಜೆ ಹತ್ತನೇ ತರಗತಿ ಮತ್ತು ಪ್ಲಸ್ ಟು ಮಕ್ಕಳಿಗೆ ನಡೆಯುವ ಉಚಿತ ಪಾಠಗಳಿಗೆ ನಾವು ಯುವಜನರು ಹೀಗೊಂದು ಕ್ರಮ ಹಾಕಿಕೊಂಡಿದ್ದೇವೆ.

ಮೊದಲನೆಯದು, ಪಾಠ ಮಾಡುವವರನ್ನು ಪ್ರತಿಸಲವೂ ಕೇಳಿಯೇ ರೆಕಾರ್ಡ್ ಮಾಡುವುದು. ಬೇಡ ಎಂದರೆ ಕಾರಣ ಕೇಳಬಾರದು. ನಮ್ಮಲ್ಲಿ ಕಲಿಸುವವರು ಯಾರೂ ಸಂಬಳ ಪಡೆಯುತ್ತಿಲ್ಲ. ಬಿಡುವು ಮಾಡಿಕೊಂಡು ಬಂದವರ ಮೇಲೆ ಇನ್ನೊಂದು ಹೊರೆ ಹೇರಬಾರದು.

ಎರಡನೆಯದು, ಕ್ಯಾಮೆರಾ ಹಲಗೆಯನ್ನು ಮಾತ್ರ ನೋಡಬೇಕು. ಮಕ್ಕಳ ಮುಖ ಬೇಡ. ಸಂಶಯ ಕೇಳುವ ಹೊತ್ತು ಬಂದಾಗ ರೆಕಾರ್ಡ್ ನಿಲ್ಲಿಸಬೇಕು, ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಾಗಬೇಕು. ಆ ಹೊತ್ತು ಬಂದವರಿಗೆ ಮೀಸಲು.

ಮೂರನೆಯದು, ವೀಡಿಯೊ ಗ್ರೂಪಿಗೆ ಹೋಗುವುದಿಲ್ಲ. ಅದು ಬೇಕಾದ ಮಗುವಿಗೆ ಹೋಗುತ್ತದೆ. ಫೋನ್ ಇಲ್ಲದ ಅಥವಾ ನೆಟ್‌ವರ್ಕ್ ಸಿಗದ ಮನೆಗೆ ಯುವಜನರಲ್ಲಿ ಒಬ್ಬರು ಫೋನ್ ಹಿಡಿದುಕೊಂಡೇ ಹೋಗಬೇಕು, ಪಾಠ ಮುಗಿಯುವವರೆಗೆ ಮಗುವಿನ ಪಕ್ಕದಲ್ಲಿ ಕೂರಬೇಕು. ಸಂಶಯ ಬಂದರೆ ಬರೆದುಕೊಂಡು ಬಂದು ಮುಂದಿನ ಶನಿವಾರ ಕೇಳಬೇಕು. ಇದರಲ್ಲಿ ನಮಗೆ ಹೆಚ್ಚು ಖುಷಿ. ಪಾಠ ಹೋಗುವ ದಾರಿಯಲ್ಲೇ ಒಬ್ಬ ಮನುಷ್ಯನೂ ಹೋದಂತಾಗುತ್ತದೆ.

ನಾಲ್ಕನೆಯದು, ಪರೀಕ್ಷೆ ಮುಗಿದ ವಾರ ಎಲ್ಲವನ್ನೂ ಅಳಿಸುವುದು. ಪಾಠ ಮಾಡಿದವರು ತಾವಾಗಿ ಇಡಿ ಎಂದರೆ ಮಾತ್ರ ಇಡುವುದು.

ಒಂದು ಪ್ರಶ್ನೆಯನ್ನು ಮಾತ್ರ ನಿಯಮ ಮಾಡಿ ಬಗೆಹರಿಸಲು ನಮಗೆ ಆಗಲಿಲ್ಲ. ವೀಡಿಯೊ ‘ಬೇಕಾದ’ ಮಗು ಯಾವುದು? ತರಗತಿಗೆ ಬಂದೂ ಭಾಷೆಯ ತೊಡಕಿನಿಂದ ಹಿಂದೆ ಬಿದ್ದ ಮಗುವಿಗೂ ಅದು ಬೇಕು ಎಂದೆವು. ಹಾಗಾದರೆ ಮಲಗಿ ತಡವಾಗಿ ಎದ್ದವನಿಗೆ? ಕ್ರಿಕೆಟ್ ಟೂರ್ನಮೆಂಟಿಗೆ ಹೋದವನಿಗೆ? ಬಾಗಿಲಲ್ಲಿ ನಿಂತು ವಿಚಾರಣೆ ಮಾಡಿ ಸರ್ಟಿಫಿಕೇಟ್ ಕೇಳಲು ನಾವು ಸಿದ್ಧರಿಲ್ಲ. ಅಮ್ಮ ಆಸ್ಪತ್ರೆಯಲ್ಲಿರುವುದನ್ನು ಹೇಳಿಕೊಳ್ಳಲು ನಾಚುವ ಹುಡುಗಿ, ನಮ್ಮ ವಿಚಾರಣೆಗೆ ಹೆದರಿ ವೀಡಿಯೊವನ್ನೇ ಕೇಳದೆ ಹೋದಾಳು. ಒಬ್ಬ ಸೋಮಾರಿಗೆ ಸಿಗದಂತೆ ಮಾಡಲು ಹೋಗಿ ಒಬ್ಬ ಅಸಹಾಯಕಳಿಗೆ ಸಿಗದಂತೆ ಮಾಡುವುದು ಯಾವ ನ್ಯಾಯವೂ ಅಲ್ಲ. ಆದ್ದರಿಂದ ಕೇಳಿದವರಿಗೆ ಕೊಡುತ್ತೇವೆ, ಕಾರಣ ಕೇಳುವುದಿಲ್ಲ.

ಆಗ ಆ ಪ್ರಶ್ನೆ ನಮ್ಮಿಂದ ದಾಟಿ ಕೇಳುವವರ ಬಳಿಗೆ ಹೋಗುತ್ತದೆ. ನಾನು ಬರಲಾರದೆ ಹೋದೆನೋ, ಬರಲೊಲ್ಲದೆ ಹೋದೆನೋ? ಇದನ್ನು ಬೇರೆ ಯಾರೂ ಕಂಡುಹಿಡಿಯಲಾರರು. ಹಾಜರಿ ಪುಸ್ತಕ ಹೇಳುವುದಿಲ್ಲ, ಫೋನೂ ಹೇಳುವುದಿಲ್ಲ. ರಾತ್ರಿ ಪ್ರಾರ್ಥನೆಗೆ ಮುಂಚೆ ದಿನವನ್ನು ಹಿಂದಿರುಗಿ ನೋಡುವ ಅಭ್ಯಾಸ ಇರುವವರಿಗೆ ಉತ್ತರ ಸಿಗುವುದು ಕಷ್ಟವಲ್ಲ.

ಹೆತ್ತವರಲ್ಲೂ ಗುರಿಕಾರರಲ್ಲೂ ಒಂದು ವಿನಂತಿ. ನಿಮ್ಮ ವಾಳೆಯಲ್ಲಿ ನಿಜವಾಗಿ ಬರಲಾರದ ಮಗು ಇದ್ದರೆ, ಕಾಯಿಲೆಯಿರಲಿ, ಕೆಲಸವಿರಲಿ, ದಾರಿಯ ತೊಂದರೆಯಿರಲಿ, ಯುವಜನರಲ್ಲಿ ಯಾರಿಗಾದರೂ ತಿಳಿಸಿ. ಕಾರಣ ಹೇಳಬೇಕಾಗಿಲ್ಲ, ಮನೆ ಎಲ್ಲಿ ಎಂದು ಹೇಳಿದರೆ ಸಾಕು. ಶನಿವಾರದ ಪಾಠ ಭಾನುವಾರ ಮಧ್ಯಾಹ್ನದೊಳಗೆ ಆ ಮನೆಗೆ ಬರುತ್ತದೆ, ಜೊತೆಗೆ ನಮ್ಮಲ್ಲಿ ಒಬ್ಬರೂ ಬರುತ್ತೇವೆ.

– ಯುವ ಸಂಯೋಜಕ, ಧರ್ಮಕೇಂದ್ರದ ಯುವಜನರ ಪರವಾಗಿ